ಜೆಸಿಕಾ ಸಿಲ್ವಾ ಅವರನ್ನು ಅಲೆಮಾರಿ ಎನ್ನುವ ಮೊದಲು

ಮಾನ್ಯ ಸಂಪಾದಕರೇ,

ಪೋರ್ಚುಗಲ್‌ನ ಫುಟ್‌ಬಾಲ್ ಆಟಗಾರ್ತಿ ಜೆಸಿಕಾ ಸಿಲ್ವಾ ಅವರ ಕುರಿತು ತಮ್ಮ ಕ್ರೀಡಾ ಪುಟದಲ್ಲಿ ಈಚೆಗೆ ಬಂದ ಕಿರುಪರಿಚಯವನ್ನು ಓದಿದೆ. ಯುರೋಪಿನ ಪುರುಷರ ಲೀಗ್‌ಗಳ ಸುದ್ದಿಗೇ ಜಾಗ ಸಾಲದ ಪುಟದಲ್ಲಿ ಒಬ್ಬ ಸ್ಟ್ರೈಕರ್ ಮಹಿಳೆಗೆ ಕಾಲು ಪುಟ ಸಿಕ್ಕಿದ್ದು ಸಂತೋಷದ ಸಂಗತಿ. ಆದರೆ ಆ ಬರಹ ಸಿಲ್ವಾ ಅವರನ್ನು ಕಾಲಿಗೆ ಚಕ್ರ ಕಟ್ಟಿಕೊಂಡ, ಒಂದು ಕಡೆ ನೆಲೆ ನಿಲ್ಲದ ಆಟಗಾರ್ತಿ ಎಂಬಂತೆ ಚಿತ್ರಿಸಿದೆ. ಪೋರ್ಚುಗಲ್, ಸ್ವೀಡನ್, ಸ್ಪೇನ್, ಫ್ರಾನ್ಸ್, ಅಮೆರಿಕ ಎಂದು ದೇಶಗಳ ಹೆಸರುಗಳನ್ನು ಸಾಲಾಗಿ ಜೋಡಿಸಿ, ಸ್ಟ್ರೈಕರ್ ಎನ್ನಿಸಿಕೊಂಡವರಿಗೆ ಗೋಲುಗಳು ಸಾಲವೇನೋ ಎಂಬ ಸಂದೇಹವನ್ನೂ ಸೇರಿಸಿ, ಕೊನೆಗೆ ಹೆಣ್ಣು ರೊನಾಲ್ಡೊ ಎಂಬ ಬಿರುದು ಕೊಟ್ಟು ಮುಗಿಸಿದೆ. ಬರೆದವರ ಉದ್ದೇಶ ಕೆಟ್ಟದ್ದಲ್ಲವೆಂದು ಬಲ್ಲೆ. ಆದರೂ ಸಿಲ್ವಾ ಯಾಕೆ ಅಷ್ಟು ಊರು ಸುತ್ತಬೇಕಾಯಿತು ಎಂಬ ಒಂದು ಪ್ರಶ್ನೆಯನ್ನು ಬರಹ ಕೇಳಿಕೊಂಡಿದ್ದರೆ ಉಳಿದ ಎರಡು ಮಾತುಗಳೂ ಬೇರೆ ರೀತಿ ಬರುತ್ತಿದ್ದವು ಎಂದು ನನಗೆ ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಪೋರ್ಚುಗಲ್‌ನ ಮಹಿಳಾ ತಂಡ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದ್ದು 1981ರ ಅಕ್ಟೋಬರ್ 24ರಂದು, ಫ್ರಾನ್ಸ್‌ನ ಲೆ ಮಾನ್ಸ್‌ನಲ್ಲಿ, ಆತಿಥೇಯರ ವಿರುದ್ಧ; ಪಂದ್ಯ ಗೋಲಿಲ್ಲದೆ ಮುಗಿಯಿತು. ಚೊಚ್ಚಲ ಪಂದ್ಯದಲ್ಲಿ ಫ್ರಾನ್ಸ್ ಅನ್ನು ಅದರ ನೆಲದಲ್ಲೇ ತಡೆದ ತಂಡಕ್ಕೆ ಮುಂದೆ ಏನಾಯಿತು ಎಂದರೆ, 1983ರ ಹೊತ್ತಿಗೆ ಅದನ್ನು ನಿಲ್ಲಿಸಲಾಯಿತು, ಮತ್ತೆ ಮೈದಾನಕ್ಕಿಳಿಯಲು 1993ರವರೆಗೆ ಕಾಯಬೇಕಾಯಿತು. ಹತ್ತು ವರ್ಷವೆಂದರೆ ಆಟಗಾರ್ತಿಯರ ಒಂದು ತಲೆಮಾರೇ ಕಳೆದುಹೋದಂತೆ. ಸಿಲ್ವಾ ಹುಟ್ಟಿದ್ದು ಅದರ ಮರುವರ್ಷ, 1994ರ ಡಿಸೆಂಬರ್ 11ರಂದು, ಮೀರಾ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವಲ್ಲಿರುವ ವಿಲಾ ನೋವಾ ದೆ ಮಿಲ್‌ಫೊಂಟಿಸ್ ಎಂಬ ಪುಟ್ಟ ಊರಿನಲ್ಲಿ. ಅಂದರೆ ಅವರಿಗೂ ತಮ್ಮ ದೇಶದ ಪುನರಾರಂಭಗೊಂಡ ಮಹಿಳಾ ತಂಡಕ್ಕೂ ಸರಿಸುಮಾರು ಒಂದೇ ವಯಸ್ಸು.

ತಂಡ ಮರಳಿತೆಂದ ಮಾತ್ರಕ್ಕೆ ಲೀಗ್ ಬೆಳೆಯಲಿಲ್ಲ. 2001-02ರಿಂದ 2011-12ರವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಸತತ ಹನ್ನೊಂದು ಬಾರಿ ಒಂದೇ ಕ್ಲಬ್‌ನ ಪಾಲಾಯಿತು: ಸಿಂತ್ರಾ ಪಟ್ಟಣದ ಪ್ರಿಮೇರೊ ದೆ ಡಿಜೆಂಬ್ರೊ, ಕನ್ನಡದಲ್ಲಿ ಹೇಳುವುದಾದರೆ ಡಿಸೆಂಬರ್ ಒಂದು. (ಪೋರ್ಚುಗಲ್ 1640ರಲ್ಲಿ ಸ್ಪೇನ್ ದೊರೆಯ ಆಳ್ವಿಕೆಯನ್ನು ಕಿತ್ತೊಗೆದ ದಿನದ ನೆನಪಿಗೆ ಆ ಹೆಸರು, ಅದೇ ಕ್ಲಬ್‌ನ ಹುಡುಗಿಯರು ಹೊಟ್ಟೆಪಾಡಿಗೆ ಗಂಟುಮೂಟೆ ಕಟ್ಟಿ ಸ್ಪೇನ್‌ಗೇ ಹೋಗಬೇಕಾಗಿ ಬಂದದ್ದು ಚರಿತ್ರೆಯ ಕುಚೋದ್ಯ.) ಬೆನ್ಫಿಕಾ, ಪೋರ್ಟೊ, ಸ್ಪೋರ್ಟಿಂಗ್ ಎಂಬ ಮೂರು ದೊಡ್ಡ ಹೆಸರುಗಳ ಸುತ್ತಲೇ ಗಿರಕಿ ಹೊಡೆಯುವ ದೇಶದಲ್ಲಿ, ಆ ಮೂರರಲ್ಲಿ ಒಂದೂ ಆ ವರ್ಷಗಳ ಮಹಿಳಾ ಚಾಂಪಿಯನ್‌ಷಿಪ್‌ನಲ್ಲಿ ಇರಲಿಲ್ಲ. ರಾಷ್ಟ್ರೀಯ ತಂಡದ ಪರ 130ಕ್ಕೂ ಹೆಚ್ಚು ಪಂದ್ಯಗಳನ್ನಾಡಿ, ನಾಯಕಿಯೂ ಆಗಿದ್ದ ಸ್ಟ್ರೈಕರ್ ಎಡಿಟೆ ಫರ್ನಾಂಡಿಸ್ ಅವರಂಥವರೇ ವಿದೇಶಿ ಕ್ಲಬ್‌ಗಳಿಗೆ ಹೋಗಿ ಬಂದು ಮಾಡುತ್ತಿದ್ದರು. ಎಸ್ತ್ರೆಮೋಜ್‌ನಲ್ಲಿ ಹುಟ್ಟಿದ ಇನ್ನೊಬ್ಬ ಸ್ಟ್ರೈಕರ್ ಕ್ಯಾರೊಲಿನಾ ಮೆಂಡೆಸ್ ಸ್ಪೇನ್, ಇಟಲಿ, ರಷ್ಯಾ, ಸ್ವೀಡನ್, ಕೊನೆಗೆ ಐಸ್‌ಲ್ಯಾಂಡ್‌ವರೆಗೂ ಹೋದರು. ಹಾಗೆ ಹೊರಟವರಿಗೆ ಚಂಚಲತೆಯ ಹಣೆಪಟ್ಟಿ ಹಚ್ಚುವುದು, ಮಳೆಯಿಲ್ಲದ ನಾಡನ್ನು ಬಿಟ್ಟು ಹೋದ ರೈತನನ್ನು ಊರಮೇಲೆ ಪ್ರೀತಿಯಿಲ್ಲದವನು ಎಂದಂತೆ.

ಸಿಲ್ವಾ ಅವರ ದಾರಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವೇರು ಜಿಲ್ಲೆಯ ಅಲ್ಬರ್ಗಾರಿಯಾ ಎಂಬ ಸಣ್ಣ ಕ್ಲಬ್‌ನಲ್ಲಿ ಬೆಳೆದು, 2014ರಲ್ಲಿ, ಇನ್ನೂ ಹತ್ತೊಂಬತ್ತರ ವಯಸ್ಸಿನಲ್ಲಿ, ಅವರು ಸ್ವೀಡನ್‌ನ ಲಿನ್‌ಶೋಪಿಂಗ್ ಸೇರಿದರು. ಅಲ್ಲಿಂದ ಮತ್ತೆ ಅಲ್ಬರ್ಗಾರಿಯಾಕ್ಕೇ ಮರಳಿದರು. ತಮ್ಮ ಕಿರುಪರಿಚಯ ಈ ಮರಳುವಿಕೆಯನ್ನು ಒಂದು ಸೋಲಿನಂತೆ ಅರ್ಧ ವಾಕ್ಯದಲ್ಲಿ ದಾಟಿಸಿಬಿಟ್ಟಿದೆ. ನನಗಾದರೋ ಅವರ ವೃತ್ತಿಬದುಕಿನಲ್ಲಿ ಅತ್ಯಂತ ಕಷ್ಟದ ತಿರುವು ಅದೇ ಎನ್ನಿಸುತ್ತದೆ, ಏಕೆಂದರೆ ಯುರೋಪಿನ ಬಲಿಷ್ಠ ಲೀಗ್‌ಗಳಲ್ಲೊಂದರ ವೇಗವನ್ನು ಕಂಡುಬಂದ ಹುಡುಗಿ ಮತ್ತೆ ಏನೂ ಬದಲಾಗದ ಮೈದಾನದಲ್ಲಿ ಆಡಿಕೊಂಡು ತನ್ನ ಆಟವನ್ನು ಕಾಪಾಡಿಕೊಳ್ಳಬೇಕಿತ್ತು.

ಬದಲಾವಣೆ ಬಂದದ್ದು 2016ರಲ್ಲಿ. ಪುರುಷರ ಮೇಲ್ಮಟ್ಟದ ಲೀಗಿನ ಕ್ಲಬ್‌ಗಳು ಮಹಿಳಾ ತಂಡ ಕಟ್ಟಿದರೆ ಕೆಳಗಿನ ದರ್ಜೆಗಳಿಂದ ಏರಿ ಬರಬೇಕಿಲ್ಲ, ನೇರವಾಗಿ ಮೊದಲ ದರ್ಜೆಗೇ ಸೇರಬಹುದು ಎಂದು ಪೋರ್ಚುಗಲ್ ಫುಟ್‌ಬಾಲ್ ಫೆಡರೇಷನ್ ಆಹ್ವಾನ ಕೊಟ್ಟಿತು. ಸ್ಪೋರ್ಟಿಂಗ್, ಬ್ರಾಗಾ, ಎಸ್ತೊರಿಲ್, ಬೆಲೆನೆನ್ಸಿಸ್ ಒಳಬಂದವು. ವರ್ಷಗಟ್ಟಲೆ ಸ್ವಂತ ದುಡ್ಡು ಹಾಕಿಕೊಂಡು ತಂಡ ನಡೆಸಿದ್ದ ಸಣ್ಣ ಕ್ಲಬ್‌ಗಳಿಗೆ ಇದು ನ್ಯಾಯವೇ ಎಂದು ಕೇಳಬಹುದು, ನಾನೂ ಕೇಳುತ್ತೇನೆ. ಆದರೆ ಆ ಬಾಗಿಲು ತೆರೆದ ಕೂಡಲೇ ಸಿಲ್ವಾ ಬ್ರಾಗಾ ಸೇರಿದರು, ತಮ್ಮದೇ ದೇಶದಲ್ಲಿ ಆಡಿದರು ಎಂಬುದನ್ನು ಅಲೆಮಾರಿ ಎನ್ನುವವರು ಗಮನಿಸಬೇಕು. ಆ ದೊಡ್ಡ ಕ್ಲಬ್‌ಗಳು ಬಂದ ಮೇಲಿನ ಮೊದಲ ಎರಡು ಲೀಗ್ ಪ್ರಶಸ್ತಿಗಳನ್ನು ಸ್ಪೋರ್ಟಿಂಗ್, ಮೂರನೆಯದನ್ನು ಬ್ರಾಗಾ ಗೆದ್ದವು.

ಗೋಲುಗಳ ಲೆಕ್ಕದ ಮಾತಿಗೆ ಇಲ್ಲೇ ಬರುತ್ತೇನೆ. ಬೆನ್ಫಿಕಾ 2018ರಲ್ಲಿ ತನ್ನ ಮಹಿಳಾ ತಂಡವನ್ನು ಕಟ್ಟಿ, ಎರಡನೇ ದರ್ಜೆಯಿಂದ ಆಟ ಶುರುಮಾಡಿತು. ಆ ಸೆಪ್ಟೆಂಬರ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಪೊಂತೆ ದೆ ಫ್ರಿಯೆಲಾಸ್ ಎಂಬ ತಂಡವನ್ನು ಅದು ಸೋಲಿಸಿದ್ದು 28-0 ಅಂತರದಲ್ಲಿ. ತೊಂಬತ್ತು ನಿಮಿಷಗಳಲ್ಲಿ ಇಪ್ಪತ್ತೆಂಟು ಎಂದರೆ ಮೂರೂಕಾಲು ನಿಮಿಷಕ್ಕೆ ಸುಮಾರು ಒಂದು ಗೋಲು. ಚೆಂಡನ್ನು ಬಲೆಯಿಂದ ತೆಗೆದು ನಡುಗೆರೆಗೆ ತಂದಿಡುವುದರಲ್ಲೇ ಆ ಹೊತ್ತಿನ ಒಂದು ಪಾಲು ಕಳೆದಿರಬೇಕು. ಅಂಥ ಪಂದ್ಯದಲ್ಲಿ ಐದಾರು ಗೋಲು ಹೊಡೆದವರ ಲೆಕ್ಕವನ್ನೂ, ಸ್ಪೇನ್‌ನ ಲೀಗಿನಲ್ಲಿ ಮೂರು ಡಿಫೆಂಡರ್‌ಗಳ ನಡುವೆ ಒಂದು ಗೋಲು ಗಿಟ್ಟಿಸಿದವರ ಲೆಕ್ಕವನ್ನೂ ಒಂದೇ ಪಟ್ಟಿಯಲ್ಲಿ ಬರೆದು ಕೂಡಿಸಿದರೆ ಏನು ತಿಳಿದೀತು? ಮಟ್ಟದಲ್ಲಿ ಇಷ್ಟು ಅಂತರವಿರುವ ಕಡೆ ಗೋಲು ಅಳತೆಗೋಲಾಗಲಾರದು.

ದೊಡ್ಡ ಕ್ಲಬ್‌ಗಳು ಬಂದ ಮೇಲೂ ಎಲ್ಲ ನೆಟ್ಟಗಾಗಲಿಲ್ಲ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2020ರಲ್ಲಿ, ಸಾಂಕ್ರಾಮಿಕದ ಕಾಲದಲ್ಲಿ, ಮಹಿಳಾ ಲೀಗಿನ ಯಾವ ಕ್ಲಬ್ಬೂ ತನ್ನ ಆಟಗಾರ್ತಿಯರೆಲ್ಲರ ಸಂಬಳಕ್ಕೆ ಒಟ್ಟಾರೆ 5,50,000 ಯೂರೊಗಿಂತ ಹೆಚ್ಚು ಖರ್ಚು ಮಾಡಕೂಡದು ಎಂದು ಫೆಡರೇಷನ್ ಮಿತಿ ಹಾಕಹೊರಟಿತು. ಪುರುಷರ ಲೀಗಿಗೆ ಅಂಥ ಮಿತಿ ಇರಲಿಲ್ಲ. ಲಿಂಗಭೇದವಿಲ್ಲದ ಫುಟ್‌ಬಾಲ್ ಎಂಬ ಹೆಸರಿನಲ್ಲಿ 132 ಆಟಗಾರ್ತಿಯರು ಸಹಿ ಹಾಕಿ ಪ್ರತಿಭಟಿಸಿದ ಮೇಲೆ ಆ ನಿಯಮವನ್ನು ಕೈಬಿಡಲಾಯಿತು.

ಅಷ್ಟರಲ್ಲಿ ಸಿಲ್ವಾ ಮತ್ತೆ ಹೊರಗಿದ್ದರು. 2017ರಲ್ಲಿ ವೆಲೆನ್ಸಿಯಾದ ಲೆವಾಂತೆ, 2019ರಲ್ಲಿ ಫ್ರಾನ್ಸ್‌ನ ಲಿಯೋನ್. ಲಿಯೋನ್ ಎಂದರೆ ಆಗ ವೆಂಡಿ ರೆನಾರ್, ಅಮಾಂಡೀನ್ ಆನ್ರಿ, ಯೂಜೆನಿ ಲೆ ಸೊಮೆರ್, ಅಡಾ ಹೆಗೆರ್‌ಬರ್ಗ್ ಒಟ್ಟಿಗಿದ್ದ ತಂಡ. ಅಲ್ಲಿ ಬೆಂಚಿನ ಮೇಲೆ ಕೂರುವುದಕ್ಕೂ ಅರ್ಹತೆ ಬೇಕಿತ್ತು. 2020ರ ಆಗಸ್ಟ್ 30ರಂದು ಸಾನ್ ಸೆಬಾಸ್ಟಿಯನ್‌ನಲ್ಲಿ, ಪ್ರೇಕ್ಷಕರಿಲ್ಲದ ಕ್ರೀಡಾಂಗಣದಲ್ಲಿ, ಲಿಯೋನ್ 3-1ರಿಂದ ವುಲ್ಫ್ಸ್‌ಬರ್ಗ್ ತಂಡವನ್ನು ಸೋಲಿಸಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗನ್ನು ಸತತ ಐದನೇ ಬಾರಿ ಗೆದ್ದಿತು. ಸಿಲ್ವಾ ಈ ಪ್ರಶಸ್ತಿ ಗೆದ್ದ ಮೊದಲ ಪೋರ್ಚುಗಲ್ ಮಹಿಳೆಯಾದರು. ಪತ್ರಿಕೆಗಳೆಲ್ಲ, ತಮ್ಮದೂ ಸೇರಿ, ಇದನ್ನೇ ಅವರ ಬದುಕಿನ ಶಿಖರವೆಂದು ಬರೆಯುತ್ತವೆ. ನಿಜ ಹೇಳಬೇಕೆಂದರೆ ಅಲ್ಲಿ ಗಾಯಗಳು ಕಾಡಿದವು, ಆಡಿದ ಪಂದ್ಯಗಳು ಕಡಿಮೆ. ಪದಕದ ಬೆಲೆ ಇಳಿಸುವುದು ನನ್ನ ಉದ್ದೇಶವಲ್ಲ. ಆದರೆ ಅವರ ಆಟ ಅರಳಿದ್ದನ್ನು ನೋಡಬೇಕೆಂದರೆ ಲಿಯೋನ್‌ಗಿಂತ ಲೆವಾಂತೆಯ ವರ್ಷಗಳನ್ನೂ, ರಾಷ್ಟ್ರೀಯ ತಂಡದ 10ನೇ ಅಂಗಿಯ ದಿನಗಳನ್ನೂ ನೋಡುವುದು ಒಳ್ಳೆಯದು.

ರಾಷ್ಟ್ರೀಯ ತಂಡದಲ್ಲಿ ಅವರಿಗೆ ವಹಿಸಿದ ಕೆಲಸವೇನೆಂದು ತಿಳಿಯದೆ ಗೋಲು ಎಣಿಸುವುದು ತಪ್ಪು ಎನ್ನಲು ಇನ್ನೊಂದು ಕಾರಣವಿದೆ. 2014ರಿಂದ ತರಬೇತುದಾರರಾಗಿರುವ ಫ್ರಾನ್ಸಿಸ್ಕೊ ನೆಟೊ ಬಹುಕಾಲ ತಂಡವನ್ನು ಆಡಿಸಿದ್ದು ಮಿಡ್‌ಫೀಲ್ಡಿನ ನಾಲ್ವರನ್ನು ವಜ್ರದ ಆಕಾರದಲ್ಲಿ ನಿಲ್ಲಿಸಿ, ಮುಂದೆ ಇಬ್ಬರನ್ನು ಬಿಟ್ಟು. ಈ ವಿನ್ಯಾಸದಲ್ಲಿ ಅಂಚಿನ ಗೆರೆಗಳ ಬಳಿ ಯಾರೂ ಖಾಯಂ ಇರುವುದಿಲ್ಲ. ಹಾಗಾಗಿ ಮುಂದಿನ ಇಬ್ಬರು, ಹೆಚ್ಚಾಗಿ ಜೆಸಿಕಾ ಸಿಲ್ವಾ ಮತ್ತು ಡಯಾನಾ ಸಿಲ್ವಾ (ಇಬ್ಬರೂ ಅಕ್ಕತಂಗಿಯರಲ್ಲ), ಗೋಲಿನ ಮುಂದೆ ಕಾದು ನಿಲ್ಲುವ ಬದಲು ಅಂಚಿಗೆ ಓಡಿ ಚೆಂಡನ್ನು ಪಡೆಯಬೇಕು, ಎದುರಾಳಿಯ ನಡುವಿನ ಡಿಫೆಂಡರ್‌ಗಳನ್ನು ತಮ್ಮ ಬೆನ್ನಿಗೆ ಅಂಟಿಸಿಕೊಂಡು ಹೊರಗೆಳೆಯಬೇಕು. ಆಗ ನಡುವೆ ಬಿದ್ದ ಖಾಲಿ ಜಾಗಕ್ಕೆ ವಜ್ರದ ತುದಿಯಲ್ಲಿರುವ ಆಟಗಾರ್ತಿ, ಕಿಕಾ ನಜರೆತ್ ಅಥವಾ ಆಂಡ್ರೆಯಾ ನಾರ್ಟನ್, ನುಗ್ಗುತ್ತಾರೆ. ಈ ಓಟಗಳು ಅಂಕಿಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಸಿಲ್ವಾ ಅಂಚಿನಲ್ಲಿ ಚೆಂಡನ್ನು ಪಾದದಡಿ ನಿಲ್ಲಿಸಿ, ಎದುರಿಗೆ ಬಂದ ಡಿಫೆಂಡರ್ ಒಂದು ಹೆಜ್ಜೆ ಇಡುವವರೆಗೂ ಕಾದು, ಆ ಹೆಜ್ಜೆ ನೆಲಕ್ಕೆ ಊರುವಷ್ಟರಲ್ಲಿ ಅವರ ಇನ್ನೊಂದು ಬದಿಯಿಂದ ಹೊರಟುಹೋಗುವುದನ್ನು ನಾನು ಎಷ್ಟೋ ಸಲ ವಿಡಿಯೊ ಹಿಂದಕ್ಕೆ ಓಡಿಸಿ ನೋಡಿದ್ದೇನೆ. ಹಾಗೆ ದಾಟಿದ ಮೇಲೆ ಅವರ ಕೊನೆಯ ಹೊಡೆತ ಗುರಿ ತಪ್ಪುವುದೂ ಉಂಟು. ಅಪ್ಪಟ ಗೋಲುಗಾರ್ತಿಯ ನಿರ್ದಯತೆ ಅವರಲ್ಲಿಲ್ಲ ಎಂಬುದನ್ನು ಅವರ ಅಭಿಮಾನಿಯಾಗಿಯೂ ಒಪ್ಪುತ್ತೇನೆ.

ಆದರೆ ಬೇಕಾದ ಹೊತ್ತಿಗೆ ಗೋಲು ಬಂದಿದೆ. 2017ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪೋರ್ಚುಗಲ್ ಮಹಿಳೆಯರು ಯುರೋಪಿನ ರಾಷ್ಟ್ರೀಯ ತಂಡಗಳ ಯುರೊ ಟೂರ್ನಿಯನ್ನು ಮೊದಲ ಬಾರಿ ಆಡಿದಾಗ ಸಿಲ್ವಾ ಗಾಯದಿಂದಾಗಿ ಹೊರಗುಳಿದಿದ್ದರು. ಮುಂದಿನ ಯುರೊಗೆ ತಂಡ ಅರ್ಹತೆಯನ್ನೇ ಪಡೆಯಲಿಲ್ಲ. 2021ರ ಪ್ಲೇ ಆಫ್‌ನಲ್ಲಿ (ಉಳಿದ ಸ್ಥಾನಗಳಿಗಾಗಿ ನಡೆಯುವ ಕೊನೆಯ ಅರ್ಹತಾ ಸುತ್ತು) ರಷ್ಯಾ ವಿರುದ್ಧ ಎರಡು ಪಂದ್ಯಗಳಿಂದ ಒಂದೇ ಒಂದು ಗೋಲಿನ ಅಂತರದಲ್ಲಿ ಸೋತಿತು. 2022ರಲ್ಲಿ ಉಕ್ರೇನ್ ಯುದ್ಧದ ಕಾರಣಕ್ಕೆ ರಷ್ಯಾವನ್ನು ಹೊರಗಿಟ್ಟಾಗ ಆ ಜಾಗ ಪೋರ್ಚುಗಲ್‌ಗೆ ಸಿಕ್ಕಿತು, ಅದೂ ಟೂರ್ನಿಗೆ ಎರಡೇ ತಿಂಗಳಿರುವಾಗ. ಜುಲೈ 9ರಂದು ಇಂಗ್ಲೆಂಡಿನ ಲೀ ಪಟ್ಟಣದಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಮೊದಲ ಪಂದ್ಯ. ಐದನೇ ನಿಮಿಷ ಮುಗಿಯುವ ಹೊತ್ತಿಗೆ ಪೋರ್ಚುಗಲ್ 0-2 ಹಿಂದೆ ಬಿದ್ದಿತ್ತು. ಬಾಡಿಗೆಗೆ ಬಂದ ಅತಿಥಿಗಳು ಎಂದು ಯಾರಾದರೂ ನಗಾಡಿದ್ದರೆ ಆಶ್ಚರ್ಯವಿರಲಿಲ್ಲ. ಎರಡನೇ ಅವಧಿಯಲ್ಲಿ, 58ನೇ ನಿಮಿಷದಲ್ಲಿ ಡಿಫೆಂಡರ್ ಡಯಾನಾ ಗೋಮೆಸ್ ಒಂದು ಗೋಲು ಹಿಂದಿರುಗಿಸಿದರು. ಏಳು ನಿಮಿಷಗಳ ನಂತರ ತತಿಯಾನಾ ಪಿಂಟೊ ಗೋಲಿನ ಮುಂದಕ್ಕೆ ಕಳಿಸಿದ ಚೆಂಡಿಗೆ ಸಿಲ್ವಾ ಡಿಫೆಂಡರ್‌ಗಿಂತ ಅರ್ಧ ಹೆಜ್ಜೆ ಮೊದಲು ತಲುಪಿ, ಹೊಡೆಯಲೂ ಹೋಗದೆ ಬರೀ ಕಾಲು ತಾಗಿಸಿದರು. 2-2. ನೋಡಲು ಅಂದವೇನೂ ಇಲ್ಲದ ಗೋಲು. ಅಂಚಿನಲ್ಲಿ ಅಷ್ಟೊಂದು ಕುಸುರಿ ಮಾಡುವವರು ಅಂದು ಕುಸುರಿಯನ್ನೆಲ್ಲ ಬದಿಗಿಟ್ಟು, ಇರಬೇಕಾದ ಜಾಗದಲ್ಲಿ ಇದ್ದರು. ಮುಂದೆ ನೆದರ್ಲೆಂಡ್ಸ್ ವಿರುದ್ಧ 2-3, ಸ್ವೀಡನ್ ವಿರುದ್ಧ 0-5 ಸೋತು ತಂಡ ಮನೆಗೆ ಮರಳಿತು, ಆ ಮಾತು ಬೇರೆ.

ಇನ್ನು ವಿಶ್ವಕಪ್. 2023ರ ಫೆಬ್ರುವರಿ 22ರಂದು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ನಡೆದ ಪ್ಲೇ ಆಫ್‌ನಲ್ಲಿ ಕ್ಯಾಮರೂನ್ 89ನೇ ನಿಮಿಷದಲ್ಲಿ ಸಮ ಮಾಡಿಕೊಂಡ ಮೇಲೆ, ಹೆಚ್ಚುವರಿ ನಿಮಿಷಗಳಲ್ಲಿ ಸಿಕ್ಕ ಪೆನಾಲ್ಟಿಯನ್ನು ಕರೋಲ್ ಕೋಸ್ಟಾ ಒಳಹಾಕಿ ಪೋರ್ಚುಗಲ್‌ಗೆ ಮೊದಲ ವಿಶ್ವಕಪ್ಪಿನ ಟಿಕೆಟ್ ಕೊಡಿಸಿದರು. ಆ ಪಂದ್ಯದ ಮೊದಲ ಗೋಲು ಮತ್ತೆ ಡಯಾನಾ ಗೋಮೆಸ್ ಅವರದು. ಇಬ್ಬರೂ ಡಿಫೆಂಡರ್‌ಗಳು! ಈ ತಂಡದ ಚರಿತ್ರೆಯ ದೊಡ್ಡ ಗೋಲುಗಳಲ್ಲಿ ಎಷ್ಟೋ ಹಿಂದಿನ ಸಾಲಿನವರಿಂದ ಬಂದಿರುವುದನ್ನು ಕಂಡ ಮೇಲೂ, ಸ್ಟ್ರೈಕರ್ ಎಂಬ ಶಬ್ದದ ಎದುರು ಒಂದು ಅಂಕಿ ಬರೆದು ತೀರ್ಪು ಕೊಡುವುದು ಸರಿಯಲ್ಲ. ಆ ವರ್ಷದ ಆಗಸ್ಟ್ 1ರಂದು ಆಕ್ಲೆಂಡಿನಲ್ಲಿ ಹಾಲಿ ಚಾಂಪಿಯನ್ ಅಮೆರಿಕದ ವಿರುದ್ಧ ಪಂದ್ಯ 0-0 ಇರುವಾಗ, ತೊಂಬತ್ತು ನಿಮಿಷ ಕಳೆದ ಮೇಲೆ, ಬದಲಿ ಸ್ಟ್ರೈಕರ್ ಆನಾ ಕಪೇಟಾ ಅವರ ಹೊಡೆತ ಗೋಲುಕಂಬಕ್ಕೆ ಬಡಿದು ಈಚೆಗೆ ಬಂತು. ಒಳಗೆ ಹೋಗಿದ್ದರೆ ಅಮೆರಿಕ ಗುಂಪು ಹಂತದಲ್ಲೇ ಮನೆಗೆ, ಪೋರ್ಚುಗಲ್ ಮುಂದಿನ ಸುತ್ತಿಗೆ. ನಿಯಮದ ಪ್ರಕಾರ ಕಂಬದ ದಪ್ಪ 12 ಸೆಂಟಿಮೀಟರ್ ಮೀರುವಂತಿಲ್ಲ. ಕಪೇಟಾ ಅವರ ಗೋಲುಪಟ್ಟಿಯಲ್ಲಿ ಆ ರಾತ್ರಿಯ ಎದುರು ಸೊನ್ನೆ ಇದೆ.

ಹೆಣ್ಣು ರೊನಾಲ್ಡೊ ಎಂಬ ಬಿರುದಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹದಿನೆಂಟಕ್ಕೇ ಸ್ಪೋರ್ಟಿಂಗ್‌ನಿಂದ ಮ್ಯಾಂಚೆಸ್ಟರ್‌ಗೆ ಹೋದ ಹುಡುಗನನ್ನು ಬೆಳೆಸಲು ಅವನ ದೇಶದಲ್ಲಿ ಒಂದು ದೊಡ್ಡ ಕಾರ್ಖಾನೆಯೇ ಇತ್ತು. ಅದೇ ದೇಶದಲ್ಲಿ, ಅದೇ ಕ್ಲಬ್‌ನಲ್ಲಿ, ಸಿಲ್ವಾ ಹದಿನೆಂಟು ತುಂಬಿದಾಗ ಮಹಿಳೆಯರ ಲೀಗಿಗೆ ತಂಡವೇ ಇರಲಿಲ್ಲ. ಹೋಲಿಸಲೇಬೇಕೆಂದಿದ್ದರೆ ಮೆಂಡೆಸ್ ಅವರೊಂದಿಗೆ, ಫರ್ನಾಂಡಿಸ್ ಅವರೊಂದಿಗೆ ಹೋಲಿಸಬಹುದಿತ್ತು. ಓದುಗರಿಗೆ ಎರಡು ಹೊಸ ಹೆಸರುಗಳಾದರೂ ಸಿಗುತ್ತಿದ್ದವು.

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಅಲ್ಪಕಾಲ ಇದ್ದು, 2021ರಲ್ಲಿ ಸಿಲ್ವಾ ಬೆನ್ಫಿಕಾ ಸೇರಿ ತವರಿಗೆ ಮರಳಿದರು. ಮೂರು ಋತು ಅಲ್ಲಿದ್ದರು, ಮೂರರಲ್ಲೂ ಲೀಗ್ ಗೆದ್ದರು. 2023-24ರಲ್ಲಂತೂ ದೇಶದೊಳಗಿನ ನಾಲ್ಕೂ ಪ್ರಶಸ್ತಿಗಳು ಬೆನ್ಫಿಕಾದ ಪಾಲಾದವು. ಅದೇ ಋತುವಿನಲ್ಲಿ ಬಾರ್ಸಿಲೋನಾ ವಿರುದ್ಧ 4-4 ಡ್ರಾ ಮಾಡಿಕೊಂಡು, ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್ ತಲುಪಿದ ಮೊದಲ ಪೋರ್ಚುಗಲ್ ಕ್ಲಬ್ ಎನ್ನಿಸಿತು. ಅಲ್ಲಿ ಎದುರಾಳಿಯಾಗಿ ಬಂದು ಸೋಲಿಸಿದ್ದು ಸಿಲ್ವಾ ಅವರ ಹಳೆಯ ಲಿಯೋನ್. 2024ರಲ್ಲಿ ಅವರು ಮತ್ತೆ ಅಮೆರಿಕಕ್ಕೆ, ಗೋಥಮ್ ಕ್ಲಬ್‌ಗೆ ಹೊರಟರು. ತಮ್ಮ ಬರಹ ಈ ಹೊರಡುವಿಕೆಯನ್ನೂ 2014ರ ಹೊರಡುವಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಹತ್ತೊಂಬತ್ತರ ಹುಡುಗಿ ಬೇರೆ ದಾರಿಯಿಲ್ಲದೆ ಹೋದದ್ದು ಮತ್ತು ಇಪ್ಪತ್ತೊಂಬತ್ತರ ಚಾಂಪಿಯನ್ ಗೆಲ್ಲುವುದನ್ನೆಲ್ಲ ಗೆದ್ದು, ಉಳಿಯಲು ಸಾಧ್ಯವಿದ್ದೂ ಹೋದದ್ದು ಒಂದೇ ಅಲ್ಲ.

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ಮುಂದೆ ಪೋರ್ಚುಗಲ್ ಮಹಿಳೆಯರ ಸುದ್ದಿ ಬಂದಾಗ ಗೋಲು ಹೊಡೆದವರ ಹೆಸರಿನ ಪಕ್ಕದಲ್ಲಿ ಅವರ ಆಗಿನ ಕ್ಲಬ್‌ನ ಹೆಸರನ್ನೂ ಹಾಕಿರಿ. ಒಂದು ಪದದ ಜಾಗ ಸಾಕು. 2017ರ ಜುಲೈ 23ರಂದು ರಾಟರ್‌ಡ್ಯಾಮ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ 27ನೇ ನಿಮಿಷದಲ್ಲಿ ಪೋರ್ಚುಗಲ್‌ನ ಮೊದಲ ಯುರೊ ಗೋಲನ್ನು ಹೊಡೆದವರು ಕ್ಯಾರೊಲಿನಾ ಮೆಂಡೆಸ್: ಕ್ಲಬ್, ಐಸ್‌ಲ್ಯಾಂಡಿನ ಗ್ರಿಂದಾವಿಕ್. 2022ರಲ್ಲಿ ಲೀ ಪಟ್ಟಣದ ಆ ಸಮಬಲದ ಗೋಲು ಜೆಸಿಕಾ ಸಿಲ್ವಾ ಅವರದು: ಕ್ಲಬ್, ಲಿಸ್ಬನ್‌ನ ಬೆನ್ಫಿಕಾ. 2023ರ ಜುಲೈ 27ರಂದು ವಿಯೆಟ್ನಾಂ ವಿರುದ್ಧ ಏಳನೇ ನಿಮಿಷದಲ್ಲಿ ತಮ್ಮ ದೇಶದ ಮೊದಲ ವಿಶ್ವಕಪ್ ಗೋಲನ್ನು ಹೊಡೆದವರು ಇಪ್ಪತ್ತೊಂದರ ಟೆಲ್ಮಾ ಎನ್‌ಕಾರ್ನಸಾವ್: ಕ್ಲಬ್, ಅವರು ಹುಟ್ಟಿದ ಮದೈರಾ ದ್ವೀಪದ್ದೇ ಆದ ಮಾರಿಟಿಮೊ.

ಇತಿ,
ತಮ್ಮ ಕ್ರೀಡಾ ಪುಟದ ಹಳೆಯ ಓದುಗ